ಚುಕ್ಕಿ ಅಕ್ಕನ ನೂರು ಹೆಜ್ಜೆ

ಬೆಳಗಿನ ಐದು ದಾಟಿದೆ. ಆಂಬುಲೆನ್ಸ್ ಶೆಡ್ಡಿನ ಮುಂದಿನ ಬಯಲಲ್ಲಿ ಒಬ್ಬ ಹೆಂಗಸು ಎರಡೂ ಕೈಯಲ್ಲಿ ಟ್ಯಾಬ್ ಹಿಡಿದು, ಸ್ವೆಟರಿನ ಭುಜಕ್ಕೆ ಒಂದು ಪುಟ್ಟ ಕಪ್ಪು ಡಬ್ಬಿ ಸಿಕ್ಕಿಸಿಕೊಂಡು, ಹೆಜ್ಜೆ ಎಣಿಸುತ್ತಾ ನಡೆಯುತ್ತಿದ್ದಾರೆ. ನೂರು ಹೆಜ್ಜೆ ಹೋಗುತ್ತಾರೆ, ತಿರುಗುತ್ತಾರೆ, ನೂರು ಹೆಜ್ಜೆ ಬರುತ್ತಾರೆ. ಪತ್ರಿಕೆಗೆ ಬರೆಯಲೆಂದು ಬಂದು ಗೇಟಿನಲ್ಲಿ ನಿಂತ ನನಗೆ, ಪಾಪ, ಏನೋ ಕಳೆದುಕೊಂಡು ಹುಡುಕುತ್ತಿದ್ದಾರೆ ಅನ್ನಿಸಿತು. ಹತ್ತಿರ ಹೋಗಿ ಕೇಳಿಯೇಬಿಟ್ಟೆ.

"ಹುಡುಕ್ತಿಲ್ಲ ಸಾರ್. ನಾನು ನಡೆದ್ರೆ ಈ ಚುಕ್ಕಿನೂ ನಡೀಬೇಕು. ನಡೀಲಿಲ್ಲ ಅಂದ್ರೆ ಗಾಡಿ ಹೊರಡಲ್ಲ," ಅನ್ನುತ್ತಾರೆ, ಪರದೆಯಿಂದ ಕಣ್ಣು ಕೀಳದೆ.

ಪರದೆಯ ನಕ್ಷೆಯ ಮೇಲೆ ನೀಲಿ ಚುಕ್ಕಿಯೊಂದು ತೆವಳುತ್ತಿದೆ. ಅದರಿಂದಲೇ ಚಾಲಕರೆಲ್ಲ ಇವರನ್ನು ಚುಕ್ಕಿ ಅಕ್ಕ ಅನ್ನುತ್ತಾರೆ. ಸಂಬಳದ ಪಟ್ಟಿಯಲ್ಲಿ ಮಾತ್ರ ಇವತ್ತಿಗೂ 'ದೂರವಾಣಿ ಸಹಾಯಕಿ'. ವಯಸ್ಸು ನಲವತ್ತೇಳು. ಹನ್ನೆರಡು ವರ್ಷ ಇದೇ ಕಚೇರಿಯ ಫೋನಿನ ಮುಂದೆ ಕೂತು, ದಾರಿ ತಪ್ಪಿದ ಚಾಲಕರಿಗೆ ಬಾಯಲ್ಲೇ ದಾರಿ ಹೇಳಿದವರು. ಆಮೇಲೆ ಹದಿನಾಲ್ಕು ಗಾಡಿಗೂ ದಾರಿ ತೋರಿಸುವ ಟ್ಯಾಬ್‌ಗಳು ಬಂದವು. ಪೆಟ್ಟಿಗೆ ಬಿಚ್ಚಿ ಪರೀಕ್ಷಿಸುವ ಕೆಲಸ ಇವರ ತಲೆಗೆ ಬಿತ್ತು.

ಇಲ್ಲಿ ನನ್ನ ದಡ್ಡತನವನ್ನೂ ಒಪ್ಪಿಕೊಂಡುಬಿಡುತ್ತೇನೆ. ಟ್ಯಾಬ್ ಅಂದಮೇಲೆ ಉಪಗ್ರಹ ಹಿಡಿದು ದಾರಿ ತೋರಿಸಿಯೇ ತೋರಿಸುತ್ತದೆ ಎಂದು ನಂಬಿದ್ದೆ. "ನಾನೂ ಹಾಗೇ ಅಂದ್ಕೊಂಡು ಕೆಟ್ಟೆ," ಅನ್ನುತ್ತಾರೆ ಅಕ್ಕ. ಹಲವು ಟ್ಯಾಬ್‌ಗಳಲ್ಲಿ ಜಿಪಿಎಸ್ ರಿಸೀವರೇ ಇರುವುದಿಲ್ಲ. ಸುತ್ತಲಿನ ವೈಫೈ ನೋಡಿ, ತಾನು ಇಂಥಲ್ಲಿರಬಹುದು ಎಂದು ಅಂದಾಜು ಹೊಡೆಯುತ್ತವೆ. ಶೆಡ್ಡಿನಲ್ಲಿ ಕಚೇರಿಯ ವೈಫೈ ಇತ್ತು. ಹದಿನಾಲ್ಕು ಟ್ಯಾಬ್‌ಗಳೂ ಚುಕ್ಕಿಯನ್ನು ಸರಿಯಾದ ಜಾಗದಲ್ಲೇ ತೋರಿಸಿದವು. ಹದಿನಾಲ್ಕಕ್ಕೂ ಇವರು 'ಸರಿ ಇದೆ' ಎಂಬ ಚೀಟಿ ಅಂಟಿಸಿದರು. ಮೂರನೇ ದಿನ ಗಾಡಿಯೊಂದು ಊರಾಚೆಯ ಮನೆಯಿಂದ ಎದೆನೋವಿನ ಮುದುಕರೊಬ್ಬರನ್ನು ಕರೆತರಲು ಹೊರಟಿತು. ಗಾಡಿ ಓಡುತ್ತಿದೆ, ಚುಕ್ಕಿ ಮಾತ್ರ ಶೆಡ್ಡಿನಲ್ಲೇ ಕೂತಿದೆ! ಇಪ್ಪತ್ತು ನಿಮಿಷ ಅಲೆದ ಮೇಲೆ ಮನೆ ಸಿಕ್ಕಿತು.

"ಪುಣ್ಯಕ್ಕೆ ಅವ್ರು ಉಳ್ಕೊಂಡ್ರು. ನಂಗೆ ಎರಡು ದಿನ ತುತ್ತು ಗಂಟಲಲ್ಲಿ ಇಳೀಲಿಲ್ಲ. ಚೀಟಿ ಅಂಟಿಸಿದ್ದು ಇದೇ ಕೈ ಅಲ್ವಾ?"

ಬೇರೆ ಟ್ಯಾಬ್ ಕೊಡಿಸಲು ಆಗುವುದಿಲ್ಲ ಎಂದು ಮೇಲಿನವರು ಕೈಚೆಲ್ಲಿದರು. ಅಕ್ಕ ಬಿಡಲಿಲ್ಲ. ಅಂಗಡಿ ಅಂಗಡಿ ಸುತ್ತಿ, ಬೆಂಕಿಪೊಟ್ಟಣದಷ್ಟಿರುವ ಹೊರಗಿನ ರಿಸೀವರ್ ಪತ್ತೆಮಾಡಿ, ಗಾಡಿಗೊಂದರಂತೆ ತರಿಸಿದರು. ಭುಜದ ಮೇಲಿನ ಕಪ್ಪು ಡಬ್ಬಿ ಅದೇ. ಅದು ಉಪಗ್ರಹದ ಸಂಕೇತ ಹಿಡಿದು ಬ್ಲೂಟೂತಿನಲ್ಲಿ ಟ್ಯಾಬ್‌ಗೆ ದಾಟಿಸುತ್ತದೆ. ಆದರೆ ಟ್ಯಾಬ್ ಅದರ ಮಾತು ಕೇಳಬೇಕಲ್ಲ! ಸೆಟ್ಟಿಂಗ್ಸ್‌ನ ಮೂಲೆಯಲ್ಲಿರುವ ಒಂದು ಸಂಖ್ಯೆಯನ್ನು ಏಳು ಸಲ ಒತ್ತಿದರೆ ಮಾತ್ರ ಅದಕ್ಕೆ ಬೇಕಾದ ಆಯ್ಕೆ ಕಾಣಿಸಿಕೊಳ್ಳುತ್ತದೆ. ಇದು ತಿಳಿಯಲು ಹನ್ನೊಂದು ದಿನ ಹಿಡಿಯಿತು. "ಏಳೇ ಸಲ ಒತ್ತಬೇಕು ಅಂತ ಯಾವ ಪುಣ್ಯಾತ್ಮ ಮಾಡಿಟ್ಟನೋ!" ಎಂದು ನಗುತ್ತಾರೆ.

ಅಂದಿನಿಂದ ಶೆಡ್ಡಿನೊಳಗೆ ಪರೀಕ್ಷೆ ಇಲ್ಲ. ವೈಫೈ ಬಂದ್, ಸಿಮ್ ಬಂದ್, ಬಯಲಿಗೆ ಬಾ. ಕನಿಷ್ಠ ನಾಲ್ಕು ಉಪಗ್ರಹ ಸಿಗುವ ತನಕ ಕಾಯುವುದು, ಆಮೇಲೆ ನಡಿಗೆ. ಹದಿನಾಲ್ಕು ಗಾಡಿಗೆ ದಿನವೂ ಎರಡು ಸಾವಿರದ ಎಂಟುನೂರು ಹೆಜ್ಜೆ. "ಆಕಾಶ ನೋಡ್ತಾ ನಿಂತ್ಕೊಳ್ಳೋಕೆ ಸಂಬಳ ಬೇರೆ ಕೊಡ್ತಾರಾ ಅಮ್ಮಾ, ಅಂತ ಮಗಳು ದಿನಾ ರೇಗಿಸ್ತಾಳೆ."

ಎಂಟು ಗಾಡಿಗಳು ಪಾಸಾಗಿ ತಮ್ಮ ತಮ್ಮ ಜಾಗಕ್ಕೆ ಹೊರಟುಹೋಗಿವೆ. ಒಂಬತ್ತನೆಯದರ ಸರದಿ ಬಂದಾಗ ಕಂಟ್ರೋಲ್ ರೂಮಿನ ಕಿಟಕಿಯಿಂದ ಕೂಗು ಬರುತ್ತದೆ: ಕಲ್ಲುಕ್ವಾರಿಯ ಆಚೆ ಹೆರಿಗೆ ನೋವು, ತಕ್ಷಣ ಗಾಡಿ ಬೇಕು. ಅಕ್ಕ ಟ್ಯಾಬ್ ನೋಡುತ್ತಾರೆ. ಉಪಗ್ರಹ ಸೊನ್ನೆ.

"ಬಿಡಮ್ಮ, ಡ್ರೈವರ್ ದಾರಿ ಕೇಳ್ಕೊಂಡು ಹೋಗ್ತಾನೆ," ಮೇಲ್ವಿಚಾರಕರು ಅವಸರ ಮಾಡುತ್ತಾರೆ.

"ಈ ಹೊತ್ತಲ್ಲಿ ಕ್ವಾರಿ ದಾರಿಲಿ ಯಾರನ್ನ ಕೇಳ್ತಾರೆ ಸಾರ್? ಸೇತುವೆ ದಾಟಿದ್ರೆ ಫೋನೂ ಇಲ್ಲ. ಎರಡು ನಿಮಿಷ ಕೊಡಿ." ಚಾಲಕನ ಕಡೆ ತಿರುಗುತ್ತಾರೆ. "ಅಣ್ಣಾ, ರಿಸೀವರ್ ಎಲ್ಲಿ?"

ಚಾಲಕ ನಿನ್ನೆಯಷ್ಟೇ ಈ ಗಾಡಿಗೆ ಬಂದವನು. "ಭದ್ರವಾಗಿಟ್ಟಿದೀನಿ ಅಕ್ಕ, ಕುಲುಕಾಟಕ್ಕೆ ಬಿದ್ದೋಗುತ್ತೆ ಅಂತ," ಎನ್ನುತ್ತಾ ಚೀಲದಿಂದ ಊಟದ ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚುತ್ತಾನೆ. ಒಳಗೆ, ಕರವಸ್ತ್ರದಲ್ಲಿ ಬೆಚ್ಚಗೆ ಸುತ್ತಿದ ರಿಸೀವರ್! ನನಗೆ ನಗು ಉಕ್ಕಿತು. ಹೊತ್ತು ನೋಡಿ ನುಂಗಿಕೊಂಡೆ.

"ಅಯ್ಯೋ ಅಣ್ಣಾ, ಅದಕ್ಕೆ ಆಕಾಶ ಕಾಣ್ಬೇಕು!" ಅಕ್ಕ ಅದನ್ನು ಕಿತ್ತು ಭುಜಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಒಂದು, ಎರಡು, ಐದು ಉಪಗ್ರಹ. ಇನ್ನಾದರೂ ಬಿಡುತ್ತಾರೆ ಅಂದುಕೊಂಡರೆ, ಇಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡತೊಡಗುತ್ತಾರೆ! ನಲವತ್ತೇಳರ ಹೆಂಗಸು ನೂರು ಹೆಜ್ಜೆ ಓಡಿ, ನೂರು ಹೆಜ್ಜೆ ಓಡಿ ಬರುತ್ತಾರೆ. ಚುಕ್ಕಿಯೂ ಜೊತೆಗೇ ಓಡುತ್ತದೆ. ರಿಸೀವರನ್ನು ಗಾಜಿನ ಕೆಳಗೆ ಅಂಟಿಸಿದ್ದೇ ತಡ, ಗಾಡಿ ಗೇಟು ದಾಟುತ್ತದೆ.

"ದಾರಿ ತಪ್ಪಿದ್ರೆ ಸಿಗ್ನಲ್ ಇರೋ ಕಡೆ ವಾಪಸ್ ಬಂದು ನಂಗೇ ಫೋನ್ ಮಾಡ್ತಾರೆ," ಅನ್ನುತ್ತಾರೆ ಏದುಸಿರು ಬಿಡುತ್ತಾ. ಫೋನು ಸ್ವೆಟರಿನ ಜೇಬಿನಲ್ಲಿದೆ. ಹತ್ತನೆಯ ಗಾಡಿ, ಹನ್ನೊಂದನೆಯದು. ಅಕ್ಕ ನಡೆಯುತ್ತಲೇ ಇದ್ದಾರೆ. ಆದರೆ ಹೆಜ್ಜೆಯ ಲೆಕ್ಕ ಎರಡು ಸಲ ತಪ್ಪಿ ಮತ್ತೆ ಒಂದರಿಂದ ಶುರುಮಾಡುತ್ತಾರೆ. ನನ್ನ ಕಣ್ಣಂತೂ ಆ ಜೇಬಿನ ಮೇಲೇ. ಹದಿನಾಲ್ಕೂ ಮುಗಿದು ಬಿಸಿಲು ಏರುತ್ತದೆ.

ಏಳೂವರೆಗೆ ಕಂಟ್ರೋಲ್ ರೂಮಿನ ಕಿಟಕಿ ಮತ್ತೆ ತೆರೆಯುತ್ತದೆ. "ಅಕ್ಕಾ, ಒಂಬತ್ತು ಆಸ್ಪತ್ರೆ ಸೇರ್ತು. ಹೆರಿಗೆ ಇನ್ನೂ ಆಗಿಲ್ವಂತೆ, ಆಯಮ್ಮ ಹುಷಾರಾಗಿದಾರಂತೆ."

ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂರುತ್ತಾರೆ. ಕಣ್ಣು ಒದ್ದೆಯಾಗಿದೆ, ಮುಚ್ಚಿಡುವ ಗೋಜಿಗೆ ಹೋಗುವುದಿಲ್ಲ. ಜೇಬಿನಿಂದ ಫೋನ್ ತೆಗೆದು ನನ್ನ ಮುಂದೆ ಹಿಡಿಯುತ್ತಾರೆ.

"ನೋಡಿ ಸಾರ್, ಒಂದೂ ಕರೆ ಬಂದಿಲ್ಲ. ದಾರಿ ಉದ್ದಕ್ಕೂ ಆ ಅಣ್ಣಂಗೆ ನನ್ನ ನೆನಪೇ ಆಗಿಲ್ಲ. ನಂಗೆ ಅಷ್ಟು ಸಾಕು."