ಹೊಸ ಮ್ಯಾಪಿನ ಮೊದಲ ಅರ್ಧ ಗಂಟೆ

ನನ್ನ ಗಂಡನನ್ನು ಯಾರೂ ಮಾತಿನಮಲ್ಲ ಎಂದು ಕರೆದದ್ದಿಲ್ಲ. ಹಾಗೆಂದು ಬಾಯಿಗೆ ಬೀಗ ಹಾಕಿಕೊಂಡಿದ್ದವರೂ ಅಲ್ಲ. ಇಪ್ಪತ್ತೆಂಟು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದರು. ಕೆಲಸದಿಂದ ಬಂದು ಕೈಯ ಗ್ರೀಸ್ ತೊಳೆಯುತ್ತಾ, ಇವತ್ತು ಯಾರು ಎಷ್ಟನೇ ಮಹಡಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರು, ಬಾಗಿಲು ತೆಗೆದ ಕೂಡಲೇ ಏನೆಂದರು ಎಂದು ಹೇಳುತ್ತಿದ್ದರು. ಹೋದ ವರ್ಷ ಲಿಫ್ಟಿನ ಗುಂಡಿಗೆ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ನಾನು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು. ಅವರ ಸೊಂಟದ ಚಿತ್ರ ತೆಗೆದವಳೂ ನಾನೇ. "ಉಸಿರು ಬಿಗಿಹಿಡೀರಿ" ಎಂದು ದಿನಕ್ಕೆ ನಲವತ್ತು ಜನರಿಗೆ ಹೇಳುವ ಮಾತನ್ನು ಅವರಿಗೂ ಹೇಳಿದೆ.

ಮೂಳೆ ಕೂಡಿತು. ಕಂಪನಿಯವರು ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಅಂದಿನಿಂದ ಮನೆಯಲ್ಲಿ ಅವರು ಆಡುವುದು ಮೂರೇ ಮಾತು: ಹೂಂ, ಬೇಡ, ಆಯ್ತು. ನನ್ನ ಅತ್ತಿಗೆ ಬಂದು ಎರಡು ದಿನ ಇದ್ದು, "ನಿನ್ನ ಅದೃಷ್ಟ ಕಣೆ, ನಮ್ಮನೆಯವರಿಗೆ ಬಾಯಿ ಮುಚ್ಚೋದೇ ಗೊತ್ತಿಲ್ಲ" ಎಂದು ನಕ್ಕು ಹೋದಳು. ನನಗೆ ಕೈಗೆ ಸಿಕ್ಕಿದ್ದನ್ನು ಅವಳ ಮೇಲೆ ಎಸೆಯುವಷ್ಟು ಸಿಟ್ಟು ಬಂದಿತ್ತು. ಡಾಕ್ಟರು ಗಂಟಲಲ್ಲಿ ಏನೂ ದೋಷವಿಲ್ಲ ಎಂದರು. ಅದು ನನಗೂ ಗೊತ್ತಿತ್ತು. ಸಂಜೆ ಆರು ಗಂಟೆಗೆ ಆ ಗಂಟಲು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ಆರಕ್ಕೆ ಸರಿಯಾಗಿ ಅವರು ಚಿಕ್ಕ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ಹತ್ತೊಂಬತ್ತು ವರ್ಷದ ಹಳೆಯ ಆಟ. ಎರಡು ಗುಂಪು ಮಾಡಿಕೊಂಡು ಒಬ್ಬರಿಗೊಬ್ಬರು ಗುಂಡು ಹೊಡೆಯುವುದು. ನಾನು ಅದನ್ನು ನನ್ನ ಸವತಿ ಎಂದೇ ಕರೆಯುತ್ತಿದ್ದೆ. ಬೇರೆ ಬೇರೆ ಊರುಗಳಿಂದ ಆಡುವ ಒಂದಷ್ಟು ಜನ, ಅಡ್ಡಹೆಸರಲ್ಲೇ ಒಬ್ಬರಿಗೊಬ್ಬರು ಗೊತ್ತು. ಇವರು ಅಲ್ಲಿ ಲಿಫ್ಟ್ ಮಾಮ. ಇವರ ಜೀವದ ಗೆಳೆಯ ಒಬ್ಬ ಬಸ್ ಡ್ರೈವರ್, ಸದಾ ತಲೆ ತಗ್ಗಿಸಿಕೊಂಡು ಓಡುವುದರಿಂದ ಅವನು ಬಾತುಕೋಳಿ. ಸೊಂಟ ಮುರಿದ ಮೇಲೆ ನಾನು ಸವತಿಯನ್ನು ಬೈಯುವುದು ಬಿಟ್ಟೆ. ಸಂಜೆ ತರಕಾರಿ ಹೆಚ್ಚುವ ಮಣೆಯನ್ನು ಕೋಣೆಯ ಬಾಗಿಲ ಹೊರಗೆ ತಂದು ಇಟ್ಟುಕೊಂಡು ಕೂರುತ್ತಿದ್ದೆ. ಒಳಗಿನಿಂದ, "ಲೇ ಬಾತು, ಎಡಕ್ಕೆ ಬಾರೋ, ನಿನ್ನ ಬೆನ್ನ ಹಿಂದೇನೇ ಇದಾನೆ!" ಎಂದು ನನ್ನ ಗಂಡ ಕೂಗುವುದು, ನಗುವುದು ಕೇಳಿಸುತ್ತಿತ್ತು. ಒಂದು ಬೀನ್ಸ್ ಹೆಚ್ಚಲು ಎರಡು ನಿಮಿಷ ತೆಗೆದುಕೊಳ್ಳುತ್ತಿದ್ದೆ.

ಆ ಆಟ ನಡೆಯುವ ಜಾಗಕ್ಕೆ ಮ್ಯಾಪ್ ಎನ್ನುತ್ತಾರೆ. ಒಂದು ಗೋದಾಮು, ಒಂದು ಬಂದರು, ಹೀಗೆ ಮೊದಮೊದಲು ಇವರೂ ಗೆಳೆಯರೂ ಮಾಡಿದ್ದು ಒಟ್ಟು ಐದು ಇದ್ದವು. ಆಮೇಲೆ ವರ್ಷಗಟ್ಟಲೆ ಅವೇ ಐದು ಎಂದರೆ ಯಾರಿಗೆ ತಾನೇ ಬೇಸರ ಬರುವುದಿಲ್ಲ? ನಲವತ್ತು ಜನ ಇದ್ದದ್ದು ಹದಿನೈದಕ್ಕೆ ಇಳಿಯಿತು. ಎಲ್ಲರ ಕಂಪ್ಯೂಟರುಗಳೂ ಬಂದು ಸೇರುವ ಸರ್ವರನ್ನು ನಡೆಸುತ್ತಿದ್ದವನನ್ನು ಎಲ್ಲರೂ ಯಜಮಾನ ಎನ್ನುತ್ತಿದ್ದರು. ಅವನೇ ಒಂದು ಸಂಜೆ ಹೇಳಿದ್ದನ್ನು ಇವರು ಬಾತುವಿಗೆ ಮತ್ತೆ ಹೇಳುತ್ತಿದ್ದಾಗ ನಾನು ಬಾಗಿಲ ಹೊರಗಿನಿಂದ ಕೇಳಿಸಿಕೊಂಡೆ. "ನಂಗೂ ಸಾಕಾಗಿದೆ ಮಾಮ. ಹೊಸ ಮ್ಯಾಪ್ ಮಾಡ್ತೀರಾ, ಮಾಡಿ. ಅದು ಬಿಡುಗಡೆ ಆಗೋ ಭಾನುವಾರ ಏಳು ಗಂಟೆಗೆ ತಲೆ ಎಣಿಸ್ತೀನಿ. ಇಪ್ಪತ್ತು ಇದ್ರೆ ಸರ್ವರ್ ಉಳಿಯುತ್ತೆ. ಇಲ್ದಿದ್ರೆ ಒಂದನೇ ತಾರೀಖಿಗೆ ಬಂದ್."

ಬಂದಾದರೆ ಹೋಗುವುದು ಆಟವಲ್ಲ, ನನ್ನ ಗಂಡನ ದನಿ. ಇದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿದ್ದಿರಬೇಕು, ಇಲ್ಲದಿದ್ದರೆ ಮುರಿದು ಕೂಡಿದ ಸೊಂಟವನ್ನು ಇಟ್ಟುಕೊಂಡು ಹನ್ನೊಂದು ವಾರ ಆ ಕುರ್ಚಿಯ ಮೇಲೆ ಹಾಗೆ ಕೂರುತ್ತಿರಲಿಲ್ಲ.

ಅವರು ಕಟ್ಟಿದ್ದು ಒಂಬತ್ತು ಮಹಡಿಯ ಒಂದು ಕಟ್ಟಡ. ಜನ ನೋಡುವ ಕಡೆಯಿಂದಲ್ಲ, ಮೆಕ್ಯಾನಿಕ್ ನೋಡುವ ಕಡೆಯಿಂದ. ಲಿಫ್ಟಿನ ಗುಂಡಿ, ಕಬ್ಬಿಣದ ಏಣಿ, ಯಾರೂ ಬಳಸದ ಹಿಂದಿನ ಮೆಟ್ಟಿಲು, ಮೇಲ್ಗಡೆ ಮೋಟರ್ ಇರುವ ಕೋಣೆ, ಅದರ ಗೋಡೆಯಲ್ಲಿ ಎಣ್ಣೆ ಕೈಯ ಗುರುತುಗಳು ಕೂಡ. ತಾವು ಬಿದ್ದ ಗುಂಡಿಯನ್ನೂ ಮಾಡಿದ್ದರು. ಅಲ್ಲಿ ಒಂದು ದೀಪ ಇಟ್ಟಿದ್ದರು.

ಆ ಆಟದವರಲ್ಲಿ ಒಂದು ಪದ್ಧತಿ. ಹೊಸ ಮ್ಯಾಪು ಬಂದ ದಿನ ಮೊದಲ ಅರ್ಧ ಗಂಟೆ ಯಾರೂ ಗುಂಡು ಹೊಡೆಯುವಂತಿಲ್ಲ. ಮಾಡಿದವನು ಮುಂದೆ ನಡೆಯುತ್ತಾನೆ, ಉಳಿದವರು ಬಂದೂಕು ಕೆಳಗಿಳಿಸಿ ಹಿಂದೆ ನಡೆಯುತ್ತಾರೆ. ಹೊಸ ಮನೆ ಕಟ್ಟಿದವರು ನೆಂಟರಿಗೆ ಕೋಣೆ ಕೋಣೆ ತೋರಿಸುವ ಹಾಗೆ ಅವನು ಎಲ್ಲವನ್ನೂ ತೋರಿಸುತ್ತಾನೆ. ಇವರು ಏನೇನು ಹೇಳಬೇಕೆಂದು ಎರಡು ಹಾಳೆ ಬರೆದುಕೊಂಡಿದ್ದರು. ಯಾರೂ ಕಾಯುವಂತಾಗಬಾರದೆಂದು ಬುಧವಾರವೇ ಹಳೆಯ ಹದಿನಾಲ್ಕು ಜನರಿಗೆ ಮ್ಯಾಪನ್ನು ಕಳಿಸಿ, ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಹಾಕಿಕೊಂಡಿರಿ ಎಂದು ಹೇಳಿದ್ದರು.

ಭಾನುವಾರ ಮಧ್ಯಾಹ್ನ ಮೂರಕ್ಕೆ ಕೋಣೆಯಿಂದ ಕೂಗು ಬಂತು. "ಇವಳೇ, ಬಾ ಇಲ್ಲಿ. ಆಟ ಬರದವರು ಒಬ್ರು ಓಡಾಡಿ ನೋಡ್ಬೇಕು."

ವರ್ಷದ ಮೇಲೆ ನನಗೆ ಸಿಕ್ಕಿದ ಮೊದಲ ಪೂರ್ತಿ ಮಾತು ಅದು. ಕೈ ಒರೆಸಿಕೊಳ್ಳದೆ ಓಡಿದೆ. ಕೀಲಿಮಣೆಯ ಮೇಲೆ ಬೆರಳಿಟ್ಟು ನಾನು ಆ ಕಟ್ಟಡದಲ್ಲಿ ಕುಡಿದವಳಂತೆ ಅಲೆದೆ. ಏಳನೇ ಮಹಡಿಯ ಹಿಂದಿನ ಮೆಟ್ಟಿಲಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡೆ. ಮುಂದೆ ಹೋಗಲಾರೆ, ಹಿಂದೆ ಬರಲಾರೆ.

"ಏನ್ರೀ ಇದು, ಮೆಟ್ಲು ಕಟ್ಟಿದೀರೋ, ಹೆಂಡ್ತಿ ಹಿಡಿಯೋಕೆ ಬೋನು ಮಾಡಿದೀರೋ?"

ಅವರು ನಕ್ಕರು. ನಾನೂ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ಇಬ್ಬರೂ ನಕ್ಕೆವು. ನಗುತ್ತಲೇ ಗೋಡೆಯನ್ನು ಒಂದು ಗೇಣು ಸರಿಸಿದರು, ನಗುತ್ತಲೇ ಸೇವ್ ಮಾಡಿದರು, ನಗುತ್ತಲೇ ಯಜಮಾನನ ಸರ್ವರಿಗೆ ಕಳಿಸಿದರು.

ತಪ್ಪಾದದ್ದು ಅಲ್ಲಿ. ಮ್ಯಾಪಿನಲ್ಲಿ ಕೂದಲೆಳೆಯಷ್ಟು ಬದಲಾದರೂ ಹೆಸರಿನ ಕೊನೆಯ ಅಂಕಿಯನ್ನು ಬದಲಿಸಬೇಕಂತೆ. ಹಳೆಯ ಹೆಸರಿನಲ್ಲೇ ಹೊಸದನ್ನು ಇಟ್ಟರೆ, ಮೊದಲೇ ಹಳೆಯದನ್ನು ಹಾಕಿಕೊಂಡವರನ್ನು ಸರ್ವರ್ ಒಳಗೆ ಬಿಡುವುದಿಲ್ಲ. ನಿಮ್ಮ ಮ್ಯಾಪ್ ಬೇರೆ ಎಂದು ಹೊರಗೆ ದಬ್ಬುತ್ತದೆ. ಮ್ಯಾಪನ್ನು ನೋಡಿಯೇ ಇಲ್ಲದ ಹೊಸಬರು ಮಾತ್ರ ಸಲೀಸಾಗಿ ಒಳಗೆ ಬರಬಹುದು. ಹತ್ತೊಂಬತ್ತು ವರ್ಷದಲ್ಲಿ ಅವರು ಒಮ್ಮೆಯೂ ಮರೆತದ್ದಿಲ್ಲ. ಅವತ್ತು ಮರೆತರು.

ಆರಕ್ಕೆ ಒಳಗೆ ಹೋದವರು ಬಾಗಿಲು ತೆರೆದೇ ಬಿಟ್ಟಿದ್ದರು. ಐದು ನಿಮಿಷಕ್ಕೆ ಅವರ ಫೋನು ಟಿಂಗ್ ಟಿಂಗ್ ಎನ್ನತೊಡಗಿತು. ಅದು ಅಡುಗೆಮನೆಯಲ್ಲಿ ಚಾರ್ಜಿಗಿತ್ತು. ಇಂಥ ಹೊತ್ತಿನಲ್ಲಿ ಯಾವ ಪೀಡೆ ಎಂದು ಗೊಣಗಿ, ದನಿ ಅಡಗಿಸಿ ಡ್ರಾಯರಿನೊಳಗೆ ಹಾಕಿದೆ.

ಆಮೇಲೆ ಬಾಗಿಲಲ್ಲಿ ನಿಂತು ನೋಡಿದೆ. ಯಜಮಾನನ ಪ್ರಕಟಣೆ ನೋಡಿ ಬಂದ ಏಳು ಜನ ಹೊಸಬರು ಮಾತ್ರ ಒಳಗಿದ್ದರು. ಅವರಿಗೆ ಪದ್ಧತಿ ಗೊತ್ತಿಲ್ಲ. ಇವರು ಹಾಳೆ ಹಿಡಿದು, "ಎಲ್ರಿಗೂ ನಮಸ್ಕಾರ, ಇದು ಮೋಟರ್ ರೂಮು, ಇಲ್ಲಿಂದ..." ಎನ್ನುವಷ್ಟರಲ್ಲಿ ಗುಂಡು ಹೊಡೆದರು. ಇವರು ಸತ್ತು, ಮತ್ತೆ ಎದ್ದು, ಮತ್ತೆ ಮೋಟರ್ ರೂಮಿಗೆ ನಡೆದು, "ದಯವಿಟ್ಟು ಅರ್ಧ ಗಂಟೆ ಹೊಡೀಬೇಡಿ, ಇದು ಮೋಟರ್ ರೂಮು" ಎಂದರು. ಮತ್ತೆ ಹೊಡೆದರು. ಎಷ್ಟು ಸಲವೋ ಲೆಕ್ಕ ತಪ್ಪಿತು. ನಡುನಡುವೆ ಮೇಜಿನ ಮೇಲಿನ ಮೈಕಿನಲ್ಲಿ ಕರೆಯುತ್ತಿದ್ದರು. "ಬಾತು? ಬಾತು, ಬಂದ್ಯೇನೋ? ಯಾರಾದ್ರೂ ನಮ್ಮೋರು ಇದೀರಾ?"

ಏಳಕ್ಕೆ ಹತ್ತು ನಿಮಿಷವಿದ್ದಾಗ, ಅವರಿಗೆ ಗುಳಿಗೆ ಕೊಡೋಣವೆಂದು ಡ್ರಾಯರು ಎಳೆದೆ. ಫೋನಿನಲ್ಲಿ ಮೂವತ್ತೊಂದು ಸಂದೇಶ. ಮಾಮ, ನನ್ನನ್ನ ಹೊರಗೆ ಹಾಕ್ತಿದೆ. ಎಲ್ಲರನ್ನೂ ಹಾಕ್ತಿದೆ. ಹೆಸರು ಬದಲಾಯಿಸೋದು ಮರೆತ್ರಾ? ಕೊನೆಯದು ಬಾತುಕೋಳಿಯದು: ಹದಿನಾಲ್ಕೂ ಜನ ಬಾಗಿಲಲ್ಲೇ ನಿಂತಿದೀವಿ ಮಾಮ.

ಓಡಿ ಹೋಗಿ ತೋರಿಸಿದೆ. ಹೆಡ್‌ಫೋನಿನ ವೈರು ಕಿತ್ತುಬರುವಂತೆ ಅವರು ತಿರುಗಿದರು. ಅವಸರದಲ್ಲಿ ಅಂಕಿಯನ್ನು ಎರಡು ಸಲ ತಪ್ಪಾಗಿ ಒತ್ತಿದರು. ಹೊಸ ಹೆಸರಿನಲ್ಲಿ ಕಳಿಸಿ ಮುಗಿಯುವಾಗ ಏಳು ಗಂಟೆ ಎಂಟು ನಿಮಿಷ. ವೈರು ಕಿತ್ತಿದ್ದರಿಂದ ಯಜಮಾನನ ದನಿ ಕೋಣೆಗೆಲ್ಲ ಕೇಳಿತು. "ಎಂಟು ತಲೆ, ಮಾಮ. ಎಣಿಸಾಯ್ತು."

"ಅವರೆಲ್ಲ ಹೊರಗಿದಾರಪ್ಪಾ. ನಾನೂ ಸೇರಿ ಇಪ್ಪತ್ತೆರಡಾಗುತ್ತೆ. ಹತ್ತು ನಿಮಿಷ. ನಿನ್ನ ಕಾಲಿಗೆ ಬೀಳ್ತೀನಿ, ಹತ್ತೇ ನಿಮಿಷ."

"ಮಾತು ಅಂದ್ರೆ ಮಾತು ಮಾಮ. ಬೇಜಾರು ಮಾಡ್ಕೋಬೇಡಿ."

ನೆಪ ಹುಡುಕುತ್ತಿದ್ದವನ ಕೈಗೆ ನಾವೇ ನೆಪ ಕೊಟ್ಟಿದ್ದೆವು. ಯಜಮಾನನಂತೆ, ಯಜಮಾನ!

ಅವರು ಆ ಎರಡು ಹಾಳೆಗಳನ್ನೂ ಮಡಿಚಿ ಪಕ್ಕಕ್ಕಿಟ್ಟರು. ನಾನು ಹೇಳದೇ ಇರಬಹುದಿತ್ತು. ಹೇಳಿದೆ. "ಫೋನು ಆರು ಗಂಟೆಯಿಂದಲೂ ಬಡ್ಕೋತಿತ್ತು ರೀ. ನಾನೇ ಡ್ರಾಯರ್‌ಗೆ ಹಾಕ್ದೆ."

ಆಗ ಬೈದರು. ಅಡುಗೆಮನೆಯಿಂದ ಶುರುಮಾಡಿ ಮೂವತ್ತು ವರ್ಷದ ಹಿಂದಕ್ಕೆ ಹೋದರು. ನಾನು ಮೂಗು ತೂರಿಸದ ಕೆಲಸವಿಲ್ಲ ಎಂದರು, ಬೀಗದ ಕೈ ಕಳೆದದ್ದು, ಅವರ ಅಮ್ಮನ ಔಷಧಿ ಮರೆತದ್ದು ಎಲ್ಲ ತೆಗೆದರು. ಆ ಗೋಡೆಯ ಸುದ್ದಿಗೆ ಯಾಕೆ ಬಂದೆ, ಯಾಕೆ ನಗಿಸಿದೆ ಎಂದು ಕೇಳಿದರು. ಮುಖಕ್ಕೆ ಮುಖ ಕೊಟ್ಟು, ಉಸಿರು ಕಟ್ಟುವಷ್ಟು ಬೈದರು. ನಾನು ಅಳುತ್ತಾ ನಿಂತಿದ್ದೆ, ನಿಲ್ಲಿಸದಿರಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದೆ.

"ಇನ್ನೂ ಬೈಯ್ರಿ" ಎಂದೆ.

ಬೈಗುಳ ನಿಂತಿತು. ಅವರು ನನ್ನನ್ನೇ ನೋಡಿ, ಕುರ್ಚಿಯ ಹಿಡಿ ಹಿಡಿದು ಎದ್ದು, ಮಲಗುವ ಕೋಣೆಗೆ ಹೋದರು.

ಒಂದನೇ ತಾರೀಖು ಕಳೆದು ಹತ್ತು ದಿನವಾಯಿತು. ಬಾತುಕೋಳಿ ದಿನಾ ಫೋನು ಮಾಡುತ್ತಾನೆ, ಇವರು ಎತ್ತುವುದಿಲ್ಲ. ಸಂಜೆ ಆರಕ್ಕೆ ಆ ಕೋಣೆಯ ಕಡೆ ತಿರುಗಿಯೂ ನೋಡುವುದಿಲ್ಲ. ಇವತ್ತು ನಾನು ಬೇಕೆಂದೇ ಅಡುಗೆಗೆ ಮೂರು ಪಾಲು ಉಪ್ಪು ಸುರಿದು ಬಡಿಸಿ, ಎದುರಿಗೆ ಕೂತೆ. ನನ್ನ ಕೈಲಿ ಒಂದು ತುತ್ತು ನುಂಗಲಾಗಲಿಲ್ಲ. ಅವರು ತಟ್ಟೆ ಖಾಲಿ ಮಾಡಿ, ಎದ್ದು, ಕೈ ತೊಳೆದುಕೊಂಡರು.