ಸುರಹೊನ್ನೆಯ ಕೆಳಗೆ ಹಾಸಿದ ಸೆರಗು

ಮೊನ್ನೆ ಸಂಜೆ ಮಾರುಕಟ್ಟೆಯಲ್ಲಿ ಒಬ್ಬಳು ಸುರಹೊನ್ನೆಯ ದಂಡೆ ಮಾರುತ್ತಿದ್ದಳು. ವಾಸನೆ ಮೂಗಿಗೆ ತಾಗಿದ್ದೇ ತಡ, ನನ್ನ ಅಂಗೈ ಬೆವರಿತು. ಹೂವಿನ ಪರಿಮಳಕ್ಕೆ ಮನಸ್ಸು ಅರಳಬೇಕಲ್ಲವೇ ಎಂದು ನೀವು ವಾದಿಸಬಹುದು. ವಾದಕ್ಕೆ ನಾನೂ ಹಿಂಜರಿಯುವವನಲ್ಲ. ಕಾಲೇಜಿನ ಚರ್ಚಾಕೂಟಗಳಲ್ಲಿ ಗೆದ್ದ ಕಪ್ಪುಗಳು ಇನ್ನೂ ಮನೆಯ ಗೂಡಿನಲ್ಲಿವೆ; ಒಂದರಲ್ಲಿ ಅಮ್ಮ ಸಾಸಿವೆ ತುಂಬಿದ್ದಾಳೆ. ಆದರೆ ಬೆವರು ವಾದ ಕೇಳುವುದಿಲ್ಲ.

ಏಳೆಂಟು ವರ್ಷದ ಹಿಂದಿನ ಮಾತು, ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಫಾಲ್ಗುಣ ಬಂತೆಂದರೆ ಶಿಕಾರಿಪುರದ ನಮ್ಮ ಓಣಿಯವರು ಗಾಡಿ ಕಟ್ಟಿಸಿಕೊಂಡು ಸೊರಬದಾಚೆಯ ಕಾನುಕಾಡಿಗೆ ಸುರಹೊನ್ನೆ ನೋಡಲು ಹೋಗುತ್ತಿದ್ದರು. ನೋಡುವುದಷ್ಟೇ, ಕೀಳುವಂತಿಲ್ಲ. ಬಸುರಿಯಿದ್ದರೆ ಮರದಡಿ ಸೆರಗು ಹಾಸಿ ಕೂರುತ್ತಾಳೆ. ತಾನಾಗಿ ಉದುರಿ ಸೆರಗಿಗೆ ಬಿದ್ದ ಹೂವು ಅವಳ ಮಗುವಿಗೆ ಕಾಡು ಕೊಟ್ಟ ಆಯಸ್ಸು. ಉಳಿದವರು ಹೋಳಿಗೆ ತಿಂದು ಹರಟುತ್ತಾರೆ. ನಂಬಿಕೆಗಿಂತ ಹೋಳಿಗೆಯ ಪಾಲೇ ಹೆಚ್ಚೆಂದು ನನ್ನ ಅಂದಾಜು.

ಆ ವರ್ಷ ಅಕ್ಕಿ, ಬೆಲ್ಲ, ಎಣ್ಣೆ ಎಲ್ಲವೂ ತುಟ್ಟಿ. ಗಾಡಿ ಬಾಡಿಗೆ ಇಮ್ಮಡಿ. ಜೊತೆಗೂಡುತ್ತಿದ್ದ ಮನೆಗಳು ಒಂದೊಂದಾಗಿ ಹಿಂದೆ ಸರಿದವು. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ನೆಂಟರು. ಬೆಲೆಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಅಪ್ಪ "ಈ ಸಲ ಬ್ಯಾಡ" ಎಂದರು. ಹೆರಿಗೆಗೆ ಬಂದಿದ್ದ ಅಕ್ಕ ಮೊರ ಎಳೆದುಕೊಂಡು ಅಕ್ಕಿ ಆರಿಸಲು ಕೂತಳು. ಅವಳ ಹಿಂದಿನ ಎರಡು ಕೂಸುಗಳೂ ಉಳಿದಿರಲಿಲ್ಲ. ಎರಡು ಸಲವೂ ಅವಳು ಮರದಡಿ ಕೂತಿರಲಿಲ್ಲ.

ನಾನು ಅಪ್ಪನ ಪಕ್ಷ ವಹಿಸಿದೆ. ಮರಕ್ಕೂ ಮಗುವಿನ ಉಸಿರಿಗೂ ಏನು ಸಂಬಂಧ? ಸೆರಗು ಹಾಸಿದವರ ಮಕ್ಕಳು ಸತ್ತಿಲ್ಲವೇ? ಸುರಹೊನ್ನೆಯೇ ಬೆಳೆಯದ ಊರುಗಳಲ್ಲಿ ಮಕ್ಕಳು ಬದುಕಿಲ್ಲವೇ? ಎದುರಾಳಿಯೇ ಇಲ್ಲದ ಚರ್ಚೆಯಲ್ಲಿ ಭರ್ಜರಿಯಾಗಿ ಗೆದ್ದೆ.

ಅಕ್ಕಿ ಆರಿಸುತ್ತಿದ್ದ ಅಕ್ಕ ತಲೆ ಎತ್ತಿದಳು. "ನೀ ಹೇಳಿದ್ದೆಲ್ಲ ಖರೆ ಐತಿ ತಮ್ಮಾ. ಆದ್ರ ಕೂಸು ಒದಿಯೋದು ಒಂದೀಟು ನಿಂತ್ರೂ ನನ್ನ ಉಸುರೇ ನಿಂತಂಗ ಆಕ್ಕತಿ. ಅದಕ್ಕೇನ್ ಹೇಳ್ತೀ?"

ಆರಿಸಿಟ್ಟ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಆರಿಸತೊಡಗಿದಳು. ಮಾರನೆಯ ದಿನವೇ ಅವಳನ್ನು ಬಸ್ಸು ಹತ್ತಿಸಿದೆ. ಗಾಡಿಗಿಂತ ಅಗ್ಗವೇನೋ ಹೌದು. ಆದರೆ ಒಂದೊಂದು ಕುಲುಕಿಗೂ ಅಕ್ಕ ಹೊಟ್ಟೆ ಹಿಡಿದುಕೊಳ್ಳುವಾಗ, ನಾನು ಉಳಿಸಿದ್ದೇನು ಕಳೆಯುತ್ತಿರುವುದೇನು ಎಂದು ಲೆಕ್ಕ ಹಾಕುತ್ತಿದ್ದೆ. ಸೊರಬದಲ್ಲಿಳಿದು, ಕೂತು ಏಳುತ್ತ ಕಾನಿನವರೆಗೆ ನಡೆದೆವು.

ಹೂವಿಲ್ಲದೆ ಮರ ಬೋಳಾಗಿತ್ತು. ಕೊಂಬೆಗಳಲ್ಲಿ ಮೊಗ್ಗು ಕೂಡ ಇಲ್ಲ. ಬುಡದಲ್ಲಿ ಆ ಊರಿನ ಹೆಂಗಸೊಬ್ಬಳು ತುಂಬಿದ ಬುಟ್ಟಿಗೆ ಒದ್ದೆ ಬಟ್ಟೆ ಹೊದಿಸುತ್ತಿದ್ದಳು.

"ಏನ್ರೀ ಇದು, ಎಲ್ಲಾ ಕಿತ್ತುಬಿಟ್ರಾ?" ಎಂದೆ.

"ಅಕ್ಕಿ ದರ ಕೇಳಿದ್ದೀರಾ ಮಾರಾಯ್ರೆ? ಪೇಟೇಲಿ ಈ ಹೂವಿಗೀಗ ಒಳ್ಳೆ ರೇಟು ಬಂದದೆ. ನಿಮ್ಮಂಗೆ ನೋಡ್ಕಂಡು ಕೂತ್ರೆ ನನ್ನ ಒಲೆ ಉರಿಯುತ್ತಾ?"

ಅಷ್ಟರಲ್ಲಿ ಅವಳಿಗೆ ಅಕ್ಕನ ಹೊಟ್ಟೆ ಕಂಡಿತು. ಅವಳ ದನಿ ತಗ್ಗಿತು. "ತುದಿಗೆ ಕೈ ಎಟುಕ್ಲಿಲ್ಲ, ಅಲ್ಲಿ ನಾಕು ಉಳಿದಾವೆ. ಕೂತ್ಕ ತಂಗೀ. ಮರ ಅಲ್ಲಾಡಿಸಬ್ಯಾಡಿ ಮತ್ತೆ!"

ಅಕ್ಕ ಸೆರಗು ಹಾಸಿ ಕೂತಳು. ಎಲೆ ಅಲುಗಲಿಲ್ಲ. ಊರಿಗೆ ಮರಳುವ ಬಸ್ಸಿನ ಹೊತ್ತು ಹತ್ತಿರವಾಯಿತು. ಆಮೇಲೆ ಅಕ್ಕ ಬಹಳ ಮೆಲ್ಲಗೆ, "ಬಸ್ಸಿನಾಗಿಂದ ಒದ್ದೇ ಇಲ್ಲೋ ಇದು" ಎಂದಳು.

ನನ್ನ ತರ್ಕವೆಲ್ಲ ಎಲ್ಲಿ ಹೋಯಿತೋ ಕಾಣೆ. ಕತ್ತೆತ್ತಿ ಆ ತುದಿಗೊಂಬೆಯನ್ನೇ ನೋಡಿದೆ. ಬೀಳು, ಬೀಳು ಎಂದು ಒಳಗೇ ಗೋಗರೆದೆ. ಒಂದು ಹೂವು ಕಳಚಿತು. ತಿರುಗುತ್ತ ಇಳಿದು ಸೆರಗಿನಾಚೆ ಬೀಳುವುದರಲ್ಲಿತ್ತು. ನಾನು ಸೆರಗಿನ ಅಂಚು ಹಿಡಿದು ಹೂವಿನಡಿಗೆ ಎಳೆದೆ.

"ನೀ ಎಳದೇನೋ?"

"ಇಲ್ಲ. ಗಾಳಿ."

ಅಕ್ಕ ನನ್ನ ಮುಖವನ್ನೇ ನೋಡಿದಳು. ಮರುಕ್ಷಣ ಹೊಟ್ಟೆ ಮುಟ್ಟಿಕೊಂಡು ಅಳಲು ಶುರುಮಾಡಿದಳು. ಕೂಸು ಒದ್ದಿತ್ತು.

ಆ ಹುಡುಗ ಈಗ ಶಾಲೆಗೆ ಹೋಗುತ್ತಾನೆ. ಒಂದು ನಿದರ್ಶನದಿಂದ ಏನೂ ಸಿದ್ಧವಾಗದೆಂದು ಯಾವ ವೇದಿಕೆಯಲ್ಲಿ ಬೇಕಾದರೂ ಹೇಳುತ್ತೇನೆ. ನನ್ನ ಹೆಂಡತಿಗೆ ಈಗ ಏಳು ತಿಂಗಳು. ಈ ಕಥೆ ಕೇಳಿ ಅವಳು, "ಸೆರಗು ಎಳೆದದ್ದು ನೀವು, ಹೆಸರು ಮರಕ್ಕಾ?" ಎಂದು ನಕ್ಕಳು. ಅವಳು ನನಗಿಂತ ಗಟ್ಟಿ ವಾದಿ. ಮಧ್ಯಾಹ್ನ ಊಟ ಮುಗಿಸಿ ನಿಶ್ಚಿಂತೆಯಿಂದ ಮಲಗುತ್ತಾಳೆ. ನಾನು ಪಕ್ಕದಲ್ಲಿ ಪುಸ್ತಕ ತೆರೆದು ಕೂರುತ್ತೇನೆ. ಅವಳ ಹೊಟ್ಟೆಯ ಮೇಲಿನ ಸೀರೆ ಒಮ್ಮೆ ಅಲುಗುವವರೆಗೆ ಪುಟ ಮಗುಚುವುದಿಲ್ಲ.