ಕೊನೆಗೆ ಬಂದವನ ಲೆಕ್ಕ

ಹಸಿ ಹುಣಿಸೆ ಕೋಲಿನ ಒಗರು ವಾಸನೆ ಮೂಗಿಗೆ ಬಿದ್ದರೆ ಈ ವಯಸ್ಸಿನಲ್ಲೂ ನನ್ನ ಅಂಗೈ ತಾನಾಗಿ ಮುಚ್ಚಿಕೊಳ್ಳುತ್ತದೆ. ಹಿರಿಯೂರಿನಲ್ಲಿ ನಾವು ಓದು ಕಲಿತ ಮಠವೆಂದರೆ ಅಯ್ಯನವರ ಮನೆಯ ಜಗಲಿ, ಅದರ ಮೇಲೆ ಹರವಿದ ಮರಳು, ಅದರಲ್ಲಿ ಅಕ್ಷರ ತಿದ್ದಿ ತಿದ್ದಿ ತೊಗಲು ಕಿತ್ತುಬಂದ ನಮ್ಮ ಬೆರಳುಗಳು. ಬೆಳಿಗ್ಗೆ ಮೊದಲು ಬಂದವನ ಅಂಗೈಯಲ್ಲಿ ಅಯ್ಯನವರು ಶ್ರೀಕಾರ ಬರೆಯುತ್ತಿದ್ದರು. ಎರಡನೆಯವನಿಗೆ ಒಂದು ಏಟು, ಮೂರನೆಯವನಿಗೆ ಎರಡು. ಹೀಗೆ ಏರುತ್ತಾ ಹೋಗಿ ಕೊನೆಯವನದು ನಾಯಿಪಾಡು. ಏಟು ತಿನ್ನುವವನೇ ಗಟ್ಟಿಯಾಗಿ ಎಣಿಸಬೇಕು, ತಪ್ಪಿದರೆ ಮತ್ತೆ ಒಂದರಿಂದ. ನಮಗೆ ಲೆಕ್ಕ ಬಂದದ್ದು ಹಾಗೆ. ಆ ಶ್ರೀಕಾರಕ್ಕಾಗಿ ಬೀದಿಯಲ್ಲಿ ಒಬ್ಬರನ್ನೊಬ್ಬರು ಕೆಡವಿ, ಕಚ್ಚಿ, ಪರಚಿ ಓಡುತ್ತಿದ್ದೆವು. ಅದೇ ಹುಡುಗರು ಹೊತ್ತೇರಿದ ಮೇಲೆ ಒಂದೇ ಗಂಟಲಲ್ಲಿ ಮಗ್ಗಿ ಕೂಗಿದರೆ ಬೀದಿಯೇ ತುಂಬಿಹೋಗುತ್ತಿತ್ತು. ಆ ಜಗಲಿ ಈಗ ಬರೀ ಮಣ್ಣುಗುಡ್ಡೆ. ಅಂಥ ಕೂಗನ್ನು ನೀವೂ ಎಲ್ಲೋ ಕಳೆದುಕೊಂಡಿದ್ದರೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹತ್ತಿ ಹಿಂಜುವ ಪಿಂಜಾರರ ಕಾಸೀಮ ನನ್ನ ಜೊತೆಗಾರ. ಅವನ ಮನೆ ಹೊಳೆಯಾಚೆ. ವೇದಾವತಿ ತುಂಬಿದರೆ ಅವನೇ ಕೊನೆ. ಒಂದು ದಿನ ಎದೆಮಟ್ಟ ನೀರು ದಾಟಿ ಬಂದವನಿಗೆ ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. "ಎಣಿಸಲೇ," ಎಂದರು ಅಯ್ಯನವರು. ಒಂಬತ್ತರ ಹತ್ತಿರ ನಾಲಿಗೆ ತೊಡರಿತು. ಮತ್ತೆ ಒಂದರಿಂದ. ಮತ್ತೆ ತೊಡರಿತು. ಅಂಗೈ ಒಡೆದು ರಕ್ತ ಮರಳಿಗೆ ತೊಟ್ಟಿಕ್ಕಿತು. ನೋವು ತಾಳದೆ ಕೈ ಎಳೆದುಕೊಂಡಾಗ ಕೋಲು ಬೆರಳ ಗೆಣ್ಣಿಗೆ ಬಿದ್ದು ಲಟಕ್ಕೆಂದಿತು. ಮಧ್ಯಾಹ್ನ ಅವನ ತಾಯಿ ಜಗಲಿಗೆ ನುಗ್ಗಿ, ಅದೇ ಕೋಲು ಕಿತ್ತುಕೊಂಡು ಅಯ್ಯನವರ ಬೆನ್ನಿಗೆ ಬಾರಿಸಿದಳು. "ಬಿಲ್ಲು ಹಿಡ್ಯೋ ಕೈ ಕಣ್ರಿ ಅದು! ನಿಮ್ ಲೆಕ್ಕ ನಮ್ ಹೊಟ್ಟೆ ತುಂಬಿಸ್ತೈತಾ?" ಕೋಲು ಮುರಿಯುವವರೆಗೂ ಬಿಡಲಿಲ್ಲ. ಕಾಸೀಮನ ಬೆರಳುಗಳು ಮತ್ತೆ ಮಡಚಲಿಲ್ಲ, ಹತ್ತಿ ಹಿಂಜುವ ಬಿಲ್ಲು ಅವನ ಕೈಗೆ ಹತ್ತಲಿಲ್ಲ. ಅಯ್ಯನವರು ಮರುದಿನ ಹೊಸ ಕೋಲು ಕಡಿದು ತಂದರು.

ನನ್ನ ಮಗನಿಗೆ ಓದುವ ವಯಸ್ಸಾದಾಗ ಮನೆಯವರೆಲ್ಲ ಒಂದೇ ಮಾತು: "ಅಯ್ಯನೋರ ಹತ್ರನೇ ಹಾಕು, ವಿದ್ಯೆ ತಲೆಗೆ ಹತ್ತತೈತೆ." ಸುಳ್ಳಲ್ಲ. ಅವರು ಕಲಿಸಿದ ಮಗ್ಗಿ ನನಗೆ ನಿದ್ದೆಗಣ್ಣಲ್ಲೂ ತಪ್ಪುವುದಿಲ್ಲ. ಅವರ ಮೇಲಿನ ನನ್ನ ಸಿಟ್ಟು ಆರಿರಲಿಲ್ಲ, ಅವರ ವಿದ್ಯೆಯ ಆಸೆಯೂ ಬಿಟ್ಟಿರಲಿಲ್ಲ. ಬೇಕೆಂದೇ ಹೊತ್ತು ಮಾಡಿ, ಎಲ್ಲರೂ ಬಂದ ಮೇಲೆ ಮಗನನ್ನು ಕರೆದೊಯ್ದೆ. "ವಿದ್ಯೆ ಇವನಿಗೆ ಕೊಡ್ರಿ, ಅಯ್ಯನೋರೇ. ಏಟು ನನ್ ಕೈಗೆ ಹಾಕ್ರಿ," ಎಂದು ಅಂಗೈ ಚಾಚಿದೆ. ಹುಡುಗರು ಕಿಸಕ್ಕೆಂದರು. ಮುದುಕರಾಗಿದ್ದ ಅಯ್ಯನವರು ನಗಲಿಲ್ಲ. "ಎಣಿಸಪ್ಪ," ಎಂದು ಬೀಸಿದರು. ತೋಳಿನ ಬಲ ಇನ್ನೂ ಇಂಗಿರಲಿಲ್ಲ. ಮಗ ನನ್ನ ಪಂಚೆ ಹಿಡಿದು ಕಿರುಚುತ್ತಿದ್ದ. ನಾನು ಒಂದೂ ತಪ್ಪದಂತೆ ಎಣಿಸಿದೆ. ದಿನವೂ ಹೀಗೇ ಕೈ ಒಡ್ಡಿ ಅವನನ್ನು ಉಳಿಸಿಕೊಳ್ಳಬಹುದೆಂದು ನಂಬಿದ್ದೆ.

ಮರುದಿನ ಎದ್ದು ನೋಡಿದರೆ ಅವನ ಹಾಸಿಗೆ ಖಾಲಿ. ಮಠದತ್ತ ಓಡಿದೆ. ಆಗತಾನೇ ಬೆಳಕು ಹರಿಯುತ್ತಿತ್ತು. ನನ್ನ ಮಗ ಜಗಲಿಯ ಮೇಲೆ ಒಬ್ಬನೇ ಕೂತಿದ್ದ, ತುಟಿ ಒಡೆದಿತ್ತು, ಮುಷ್ಟಿಯಲ್ಲಿ ಯಾರದೋ ಅಂಗಿಯ ಹರಕು. ಕೆಳಗೆ ಚರಂಡಿಯಿಂದ ಅವನಿಗಿಂತ ಚಿಕ್ಕ ಹುಡುಗನೊಬ್ಬ ಅಳುತ್ತಾ ಎದ್ದು ಬರುತ್ತಿದ್ದ.

"ಇವತ್ತು ನಿಂಗೆ ಏಟಿಲ್ಲ, ಅಪ್ಪಾ," ಎಂದು ಮಗ ನನ್ನತ್ತ ನೋಡಿ ನಕ್ಕ.